ಮಂಗಳಕ್ಕೆ ಹೊರಟವನ ಚೀಟಿ

"ನನ್ನ ಗೆಳೆಯ ಸತ್ತದ್ದು ಖರೇ ಐತ್ರಿ. ಆದ್ರ ತಾನಾಗಿ ಸತ್ತಿಲ್ರಿ," ಎಂದು ಬಾಗಿಲಲ್ಲಿ ನಿಂತ ಮನುಷ್ಯ ಹೇಳಿದಾಗ ಶಬ್ಬೀರಸಾಬರು ಚಹಾದ ಬಟ್ಟಲನ್ನು ಕೆಳಗಿಟ್ಟರು.

"ಒಳಗ ಬರ್ರಿ. ಕುಂತು ಹೇಳ್ರಿ," ಎಂದರು.

ಅದು ೧೯೪೩ರ ಡಿಸೆಂಬರ್. ಶಬ್ಬೀರಸಾಬರು ನಿಜಾಮರ ಪೊಲೀಸ್ ಇಲಾಖೆಯಲ್ಲಿ ಅಮೀನರೆಂಬ ಠಾಣೆಯ ಅಧಿಕಾರಿಯಾಗಿ ಯಲಬುರ್ಗಿ, ಕುಷ್ಟಗಿ ಠಾಣೆಗಳಲ್ಲಿ ದುಡಿದು, ಈಗ ಕೊಪ್ಪಳದ ಕೋಟೆಯ ಕೆಳಗಿನ ಓಣಿಯಲ್ಲಿ ನೆಲೆಸಿದ್ದರು. ನೌಕರಿ ಬಿಟ್ಟಿದ್ದರೂ ಜನ ಅವರನ್ನು ಬಿಟ್ಟಿರಲಿಲ್ಲ. ಠಾಣೆಯಲ್ಲಿ ಬಗೆಹರಿಯದ್ದನ್ನು ಅವರ ಪಡಸಾಲೆಗೆ ತರುತ್ತಿದ್ದರು. ಕನ್ನಡ ಅವರ ಮನೆಯ ಮಾತೇ ಆಗಿತ್ತು. ಆದರೆ ಕಲಿತದ್ದು ಉರ್ದು ಲಿಪಿ ಮಾತ್ರ. ಹೀಗಾಗಿ ಕನ್ನಡದ ಕಾಗದಪತ್ರ ಬಂದಾಗಲೆಲ್ಲ ಶಾಲಾ ಮಾಸ್ತರನಾದ ನನಗೆ, ಅಂದರೆ ಬಾಲಪ್ಪನಿಗೆ, ಕರೆ ಬರುತ್ತಿತ್ತು. ನಾನು ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

ಬಂದವನು ಗಂಗಾವತಿಯ ಹೊಳಿಯಪ್ಪ, ಅಕ್ಕಿ ಗಿರಣಿಯೊಂದರ ಗುಮಾಸ್ತ. ಸತ್ತ ಗೆಳೆಯ ತಾವರಗೇರಾದ ಓಬಳೆಪ್ಪ. ಆ ಹೆಸರು ನನಗೆ ಗೊತ್ತಿತ್ತು. ಶಾಲೆಯಲ್ಲಿ ಕಲಿಸುತ್ತಲೇ ಅವನು ಧಾರವಾಡದ ಒಂದು ಮಾಸಪತ್ರಿಕೆಗೆ ಮುಂದಿನ ಕಾಲದ ಕತೆಗಳನ್ನು ಬರೆಯುತ್ತಿದ್ದ. ಸಮುದ್ರದ ತಳದಲ್ಲಿ ಊರು ಕಟ್ಟಿದವರು, ಮೋಡಗಳಿಗೆ ಕಾಲುವೆ ತೋಡಿದವರು, ಚಂದ್ರನಲ್ಲಿ ಜೋಳ ಬಿತ್ತಿದವರು ಅವುಗಳಲ್ಲಿ ಇರುತ್ತಿದ್ದರು.

"ಶ್ರಾವಣದಾಗ ಅವನ ಮಗಳು ಚಳಿಜ್ವರದಾಗ ತೀರಿಕೊಂಡ್ಲು. ಒಂದ ಕೂಸು," ಎಂದ ಹೊಳಿಯಪ್ಪ. "ಹೋದ ತಿಂಗಳು, ಸಂತಿ ದಿನ ಸಂಜಿಮುಂದ, ಇವನೂ ಊರ ಮುಂದಿನ ಗುಡ್ಡದಿಂದ ಬಿದ್ದ. ದಿನಾ ಅಲ್ಲಿ ಬಂಡಿಗಲ್ಲಿನ ಮ್ಯಾಲ ಕುಂತು ಮಂಗಳ ಗ್ರಹ ಹುಟ್ಟೂದು ನೋಡ್ತಿದ್ದ. ಮ್ಯಾಲ ಚಪ್ಪಲಿ ಬಿಟ್ಟು, ಅದರ ಕೆಳಗ ಚೀಟಿ ಬರದಿಟ್ಟು ಹಾರ್ಯಾನ ಅಂತ ಠಾಣೆದವರು ಕಾಗದಾ ಮುಚ್ಚ್ಯಾರ. ಆ ಚೀಟಿ ನಾ ನೋಡಿಲ್ಲ. ಊರಾಗಿನ ಮಂದಿ ಅವನ ಹೆಂಡತಿ ದುರುಗವ್ವಗ, ಕೂಸು ಹೋಗಿದ್ದಕ್ಕ ಬೈದು ಬೈದು ನಿನ್ನ ಬಾಯಿನ ಅವನ್ನ ತಿಂತು ಅನ್ನಾಕತ್ಯಾರ."

"ನಿಮಗ ಯಾಕ ಸಂಶಯ?"

ಹೊಳಿಯಪ್ಪ ಚೀಲದಿಂದ ಪತ್ರಗಳ ಕಟ್ಟನ್ನು ತೆಗೆದು ಮುಂದಿಟ್ಟ. "ಇವು ಅವ ನನಗ ಬರದಿದ್ದು. ಅವ ಹೋದ ಮ್ಯಾಲ ಕಟ್ಟು ಬಿಚ್ಚಾಕ ಧೈರ್ಯ ಆಗಿಲ್ಲ. ಆದ್ರ ಕಡೀ ಪತ್ರ ನನಗ ಬಾಯಿಪಾಠ ಐತಿ. ಅದನ್ನ ಬರದಾವ ಸಾಯಾಂವ ಅಲ್ರಿ."

"ಈ ಕಟ್ಟು ಮನಿ ಬಿಟ್ಟು ಹೊರಗ ಹೋಗಿತ್ತೇನು?"

"ಇಲ್ರಿ. ಮನ್ಯಾಗಿನ ಮಂದಿ ಬಿಟ್ರ ಯಾರೂ ಮುಟ್ಟಿಲ್ಲ. ಕತಿ ಭಾಗ ಅಷ್ಟ ಪಡಸಾಲ್ಯಾಗ ಓದಿ ಹೇಳ್ತಿದ್ದೆ. ಉಳಿದಿದ್ದು ನಮ್ಮಿಬ್ಬರ ಮಾತು."

ಅವನು ಗಂಗಾವತಿಯ ಬಸ್ಸಿಗೆ ಹೊರಟ ಮೇಲೆ ನಾನು ಓದಲು ಕುಳಿತೆ. ಪತ್ರಗಳಲ್ಲಿ ಎರಡು ಬಗೆಯ ಬರಹವಿತ್ತು. ಒಂದು ಗೆಳೆಯನ ಜೊತೆಗಿನ ಮಾತು: ಶಾಲೆಯ ಮಾಡು ಸೋರುವುದು, ಮಗಳಿಗೆ ಹಲ್ಲು ಬಿದ್ದದ್ದು, ದುರುಗವ್ವ ಮಾಡಿದ ಹುರಕ್ಕಿ ಹೋಳಿಗೆ. ಇನ್ನೊಂದು ಕತೆ. ಓಬಳೆಪ್ಪ ಹೊಸ ಕತೆಯೊಂದನ್ನು ಬರೆದಷ್ಟು ಬರೆದಷ್ಟು ಪತ್ರದೊಳಗೆ ಇಟ್ಟು ಗೆಳೆಯನಿಗೆ ಕಳಿಸುತ್ತಿದ್ದ. "ಕ್ರಿಸ್ತಶಕ ಎರಡು ಸಾವಿರದ ಐವತ್ತರಲ್ಲಿ ತಾವರಗೇರಾದ ಗುಡ್ಡದ ಮೇಲಿಂದ ಆಕಾಶಯಾನವೊಂದು ಮಂಗಳ ಗ್ರಹಕ್ಕೆ ಹೊರಡಲು ಸಿದ್ಧವಾಗಿತ್ತು," ಎಂದು ಅದು ಶುರುವಾಗುತ್ತಿತ್ತು. ನಾಯಕ ಒಬ್ಬ ಇಂಜಿನಿಯರ್. ಯಾರಿಗೂ ತಿಳಿಸದೆ ಯಾನವನ್ನೇರಿ ಹೋಗುವವನು.

ಒಂದು ಕಡೆ ನಾನು ತಡೆದೆ. ಹಾಳೆಯ ಕೊನೆಯಲ್ಲಿ, "ಹೊರಡುವ ಮುನ್ನ ಅವನು ಮಲಗಿದ್ದ ಹೆಂಡತಿಯನ್ನು ನೋಡಿದನು" ಎಂದಿತ್ತು. ಮುಂದಿನ ಹಾಳೆ, "ಆಕಾಶಯಾನವು ಮೋಡಗಳನ್ನು ದಾಟಿತು" ಎಂದು ತೊಡಗಿತ್ತು.

"ನಡುವ ಏನೋ ಬರಿಯೋದು ಬಿಟ್ಟಾನ ಅನಸ್ತೈತ್ರಿ," ಎಂದೆ.

"ಬಿಟ್ಟಾನೋ, ಇಲ್ಲೋ. ಮುಂದ ಓದ್ರಿ ಮಾಸ್ತರ."

ಶ್ರಾವಣದ ನಂತರ ಕತೆ ನಿಂತಿತ್ತು. ಕೊನೆಯ ಪತ್ರ ಕಾರ್ತಿಕದ್ದು. ಅದನ್ನು ಓದುವಾಗ ನನ್ನ ದನಿ ತಾನಾಗಿ ತಗ್ಗಿತು.

"ಹೊಳಿಯಾ, ಈ ಮಾತು ಯಾರ ಮುಂದೂ ಆಡಬ್ಯಾಡ. ದುರುಗಿಗೂ ಹೇಳಿಲ್ಲ. ಕೂಸಿಗೆ ಕೊಟ್ಟ ಕ್ವಿನೈನ್ ಗುಳಿಗಿ ಒಂದಿಷ್ಟು ಉಳಿದಿದ್ವು. ಒಂದನ್ನ ನೀರಾಗ ಹಾಕಿ ಇಟ್ಟೆ. ಬೆಳಗಾದ ಮ್ಯಾಲ ನೋಡಿದ್ರ ತಳದಾಗ ಬಿಳಿ ಪುಡಿ ಕುಂತಿತ್ತು. ಆ ಪುಡಿ ನನಗ ಗುರ್ತು ಐತಿ, ಸಾಲ್ಯಾಗ ದಿನಾ ಕೈಗೆ ಹತ್ತೂದು ಅದ. ಬರೂ ಸಂತಿ ಮುಗದ ಮ್ಯಾಲ ಕೊಪ್ಪಳಕ್ಕ ಹೋಗಿ ಡಾಕ್ಟರಿಗೆ ತೋರಸ್ತೀನಿ. ಗುಳಿಗಿ ಯಾರ ಕಡೆ ತಗೊಂಡೆ ಅಂತ ಈಗ ಬರಿಯೂದಿಲ್ಲ. ಬರದ್ರ ನಿನಗ ನೋವಾಗ್ತೈತಿ. ಡಾಕ್ಟರು ಹೇಳಿದ ಮ್ಯಾಲ ನಾನ ಬಂದು ನಿನ್ನ ಎದುರಿಗೆ ಕುಂತು ಹೇಳ್ತೀನಿ."

ಸಾಹೇಬರು ಕಣ್ಣು ತೆರೆದು, ಆ ಪತ್ರವನ್ನು ಕಟ್ಟಿನಿಂದ ಬೇರೆ ಎತ್ತಿಟ್ಟರು. ಕ್ವಿನೈನ್ ಬರುತ್ತಿದ್ದ ಜಾವಾವನ್ನು ಜಪಾನಿನವರು ಹಿಡಿದ ಮೇಲೆ ಚಳಿಜ್ವರದ ಆ ಔಷಧ ಎಲ್ಲಿಯೂ ಸಿಗುತ್ತಿರಲಿಲ್ಲ. ಆ ವರ್ಷ ನಮ್ಮ ಕಡೆ ಜ್ವರ ಹೊಗದ ಮನೆಯೂ ಇರಲಿಲ್ಲ.

ಮರುದಿನ ನಾವು ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಕುಷ್ಟಗಿಗೆ ಹೋದೆವು. ಅಲ್ಲಿಯ ಅಮೀನರು ಹಿಂದೆ ಸಾಹೇಬರ ಕೈಕೆಳಗೆ ದುಡಿದವರು. ಚೀಟಿಯನ್ನು ತಂದು ಕೊಟ್ಟರು. ಬರಹ ಓಬಳೆಪ್ಪನದೇ, ಸಂಶಯವಿರಲಿಲ್ಲ. ನಾನು ಓದಿದೆ.

"ನನ್ನನ್ನು ಹುಡುಕಬೇಡ. ಈ ನೆಲದ ಭಾರವನ್ನು ಹೊರುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ನಾನು ಹೋಗುವ ಕಡೆ ಜ್ವರವೂ ಇಲ್ಲ, ಅಳುವೂ ಇಲ್ಲ. ನನಗಾಗಿ ಉರಿಯುವ ದೀಪವನ್ನು ಆರಿಸಿಬಿಡು."

"ಮತ್ತೊಮ್ಮೆ ಓದ್ರಿ," ಎಂದರು ಸಾಹೇಬರು. ಓದಿದೆ. ಆಮೇಲೆ ಅವರು ಹಾಳೆಯನ್ನು ತೆಗೆದುಕೊಂಡು ಮಡಿಕೆಯ ಗೆರೆಗಳ ಮೇಲೆ ಬೆರಳಾಡಿಸಿದರು. ಗೆರೆಗಳು ಹಳೆಯವು, ಸವೆದು ಬೆಳ್ಳಗಾಗಿದ್ದವು.

"ಸಿಕ್ಕಾಗ ಮಡಿಚಿತ್ತೇನು?"

"ಇಲ್ರಿ ಸಾಹೇಬರ. ಬಿಚ್ಚಿದ ಹಾಳಿ. ಚಪ್ಪಲಿ ಕೆಳಗ ಇತ್ತು," ಎಂದರು ಅಮೀನರು.

ತಾವರಗೇರಾದಲ್ಲಿ ದುರುಗವ್ವ ಒಳಮನೆಯ ಗೋಡೆಗೆ ಒರಗಿ ಕುಳಿತಿದ್ದಳು. ಹೊರಗಿನ ಬಿಸಿಲಿನಿಂದ ಬಂದ ನಮಗೆ ಅವಳ ಮುಖ ಕಾಣಲು ಹೊತ್ತಾಯಿತು. ಓಬಳೆಪ್ಪನ ಅಣ್ಣ ಹನಮಪ್ಪ ಬಾಗಿಲಲ್ಲಿ ನಿಂತು ನಮ್ಮನ್ನು ದುರುಗುಟ್ಟಿ ನೋಡಿದ. ತಮ್ಮನ ಬರವಣಿಗೆಯ ಮೇಲೆ ಅವನಿಗೆ ಸಿಟ್ಟಿತ್ತೆಂದೂ, ಒಮ್ಮೆ ಕಾಗದಗಳನ್ನೆಲ್ಲ ಒಲೆಗೆ ಹಾಕಿದ್ದನೆಂದೂ ಊರವರು ನಮಗೆ ಮೊದಲೇ ಹೇಳಿದ್ದರು. ಸಾಹೇಬರು ಜೇಬಿನಿಂದ ಒಂದು ಕಾಗದ ತೆಗೆದು, "ಇದರಾಗ ಏನ ಬರದೈತಿ ನೋಡಪ್ಪ," ಎಂದು ಅವನ ಕೈಗಿತ್ತರು. ಅವನು ಅದನ್ನು ತಲೆಕೆಳಗಾಗಿ ಹಿಡಿದು, ಮರಳಿ ಕೊಟ್ಟ.

"ನನಗ ಅಕ್ಷರ ಬರೂದಿಲ್ರಿ. ಬಂದಿದ್ರ ಸುಡ್ತಿದ್ದಿಲ್ಲ," ಎಂದವನ ಕಣ್ಣು ತುಂಬಿತ್ತು.

ಸಾಹೇಬರು ದುರುಗವ್ವನ ಎದುರು ನೆಲದ ಮೇಲೆ ಕುಳಿತರು. "ತಂಗಿ, ಓಬಳೆಪ್ಪ ನಿನಗ ಯಾವಾಗರ ಪತ್ರ ಬರದಿದ್ನೇನು?"

"ತವರಿಗೆ ಹೋದಾಗ ಬರೀತಿದ್ರಿ. ನಮ್ಮಣ್ಣನ ಮಗಳು ಓದಿ ಹೇಳ್ತಿದ್ಲು. ದುರುಗಿ, ಲಗೂ ಬಾ, ರೊಟ್ಟಿ ಸುಡಾಕ ಬರವಲ್ದು ಅಂತ ಬರೀತಿದ್ರು. ಎದುರಿಗೆ ಕುಂತು ಮಾತಾಡಿದಂಗ ಇರ್ತಿತ್ತು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಈ ಚೀಟಿ ಓದಿ ಹೇಳಿದ್ರ ನನಗ ಅರ್ಥನ ಆಗ್ಲಿಲ್ರಿ. ದೀಪಾ ಆರಿಸು ಅಂದಾರ ಅಂತ ಅಷ್ಟ ತಿಳೀತು. ಅವತ್ತಿಂದ ದೀಪಾ ಹಚ್ಚಿಲ್ಲ."

ಮಗಳ ಬಟ್ಟೆಯ ಗಂಟಿನಲ್ಲಿ ಗುಳಿಗೆಗಳು ಇನ್ನೂ ಇದ್ದವು. ಸಂತೆಯಿಂದ ಗಂಡ ತಂದದ್ದೆಂದು ಮಾತ್ರ ಅವಳಿಗೆ ಗೊತ್ತಿತ್ತು. ಸಾಹೇಬರು ಅವನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಸಂತೆಯಲ್ಲಿ ಔಷಧ ಮಾರುವವರು ಯಾರು ಯಾರೆಂದು ವಿಚಾರಿಸಿದೆವು. ಬೇರು ನಾರಿನವರನ್ನು ಬಿಟ್ಟರೆ ಇಂಗ್ಲಿಷ್ ಔಷಧ ತರುವವನು ಒಬ್ಬನೇ: ಗಂಗಾವತಿಯ ಗ್ಯಾನಪ್ಪ. ಅವನ ಪಕ್ಕದಲ್ಲಿ ಬಳೆ ಮಾರಲು ಕೂರುವ, ಅದೇ ಊರಿನ ಚಾಂದಬೀಯನ್ನು ಸಾಹೇಬರು ಮಾತಿಗೆಳೆದರು.

"ಛಲೋ ಮನಶ್ಯಾರಿ," ಎಂದಳು ಆಕೆ. "ಓಬಳೆಪ್ಪ ಸತ್ತ ಸಂತಿ ದಿನ ಲಗೂನ ಗಂಟು ಕಟ್ಟಿ ನನ್ನ ಕಡೆ ಇಟ್ಟು ಎಲ್ಲೋ ಹೋದ್ರು. ಇನ್ನೂ ಬಿಸಿಲಿತ್ತು. ವಾಪಸ್ ಬರೂಮಟ ನಾನ ಕಾಯ್ಕೊಂತ ಕುಂತಿದ್ದೆ."

ಅಲ್ಲಿಂದ ಗಂಗಾವತಿಗೆ ಹೋದಾಗ ತಿಳಿಯಿತು: ಗ್ಯಾನಪ್ಪ ಬೇರೆ ಯಾರೂ ಅಲ್ಲ, ಹೊಳಿಯಪ್ಪನ ಹೆಂಡತಿಯ ತಮ್ಮ. ಒಂದೇ ಅಂಗಳದ ಆಚೆ ಈಚೆ ಅವರ ಮನೆಗಳು. ಹೊಳಿಯಪ್ಪ ಗಿರಣಿಯಲ್ಲಿದ್ದ. ನಾವು ನೇರ ಗ್ಯಾನಪ್ಪನ ಅಂಗಡಿಗೆ ಹೋದೆವು. ಬಿಳಿ ಅಂಗಿ, ಮೆಲುಮಾತು. ಕಾಯುತ್ತಿದ್ದ ಮುದುಕಿಯೊಬ್ಬಳಿಗೆ ಔಷಧ ಕುಡಿಯುವ ಬಗೆಯನ್ನು ಬೇಸರವಿಲ್ಲದೆ ಎರಡೆರಡು ಸಲ ಹೇಳಿ ಕಳಿಸಿ, ನಮಗೆ ಮಣೆ ಹಾಕಿದ.

"ಓಬಳೆಪ್ಪನ ಪತ್ರಾ ಓದಿದ್ರೇನು?" ಎಂದು ಸಾಹೇಬರು ಕೇಳಿದರು.

"ಇಲ್ರಿ. ನಮ್ಮ ಭಾವ ಪಡಸಾಲ್ಯಾಗ ಮಂಗಳದ ಕತಿ ಓದ್ತಿದ್ರು, ಒಂದೆರಡು ಸರ್ತಿ ಕೇಳೀನಿ ಅಷ್ಟ."

"ಅವ ಸತ್ತ ದಿನ ನೀವೂ ತಾವರಗೇರಾದಾಗ ಇದ್ರಿ."

"ಹೌದ್ರಿ. ದೀಪಾ ಹಚ್ಚೂಮಟ ನನ್ನ ಜಾಗಾದಾಗ ಕುಂತಿದ್ದೆ. ಪಾಪ, ಭಾಳ ನೊಂದಿದ್ದ. ಸಂತಿ ಮುಗಿಸಿ ಕೊಪ್ಪಳಕ್ಕ ಹೋಗಾಂವ ಇದ್ದ, ಮನಸು ತಡೀಲಿಲ್ಲ, ಗುಡ್ಡಾ ಹತ್ತಿದ."

ಸಾಹೇಬರು ತಲೆಯಾಡಿಸಿ ಎದ್ದರು. ಕೊಪ್ಪಳಕ್ಕೆ ಮರಳಿದ ಮೇಲೆ ಡಾಕ್ಟರರೊಬ್ಬರಿಗೆ ಗುಳಿಗೆಗಳನ್ನು ಕೊಟ್ಟು, ಕುಷ್ಟಗಿಯ ಅಮೀನರಿಗೆ ಉರ್ದುವಿನಲ್ಲಿ ಕಾಗದ ಬರೆದರು.

ಮುಂದಿನ ಸಂತೆಯ ಬೆಳಿಗ್ಗೆ ತಾವರಗೇರಾದ ಚಾವಡಿಯಲ್ಲಿ ಎಲ್ಲರೂ ಸೇರಿದೆವು. ಕುಷ್ಟಗಿಯ ಅಮೀನರು ಲಾರಿಯಲ್ಲಿ ಪೊಲೀಸ್ ಜವಾನರೊಡನೆ ಬಂದಿದ್ದರು. ದುರುಗವ್ವ ಕಂಬದ ಮರೆಯಲ್ಲಿ ಕುಳಿತಿದ್ದಳು, ಪಕ್ಕದಲ್ಲಿ ಹನಮಪ್ಪ. ಹೊಳಿಯಪ್ಪನನ್ನೂ ಚಾಂದಬೀಯನ್ನೂ ಕರೆಸಿದ್ದರು. ಸಂತೆಗೆಂದು ಬಂದ ಗ್ಯಾನಪ್ಪನನ್ನು ಜವಾನನೊಬ್ಬ ಕರೆತಂದ. ಊರ ಜನ ಅಂಗಳದಲ್ಲಿ ನಿಂತರು.

ಸಾಹೇಬರು ಚೀಟಿಯನ್ನು ಹೊಳಿಯಪ್ಪನ ಕೈಗೆ ಕೊಟ್ಟರು. "ಇದನ್ನ ನೀವು ನೋಡಿಲ್ಲ ಅಂದಿದ್ರಿ. ಓದ್ರಿ."

ಹೊಳಿಯಪ್ಪ ಎರಡು ಸಾಲು ಓದಿದ. ಅವನ ಮುಖ ಬಿಳಿಚಿತು. "ಇದು ಕತ್ಯಾಗಿಂದ್ರಿ," ಎಂದ. "ಇಂಜಿನಿಯರ್ ಹೆಂಡತಿ ದಿಂಬಿನ ಕಡೆ ಇಟ್ಟು ಹೋಗೂ ಚೀಟಿ. ಓಬಳೆಪ್ಪ ಆ ಚೀಟಿ ಅಷ್ಟನ್ನ ಬ್ಯಾರೆ ಹಾಳ್ಯಾಗ ಬರದು, ಕತಿ ನಡುವ ಇಟ್ಟು ಕಳಿಸಿದ್ದ. ಮಗಳು ಹೋಗೂಕಿನ್ನ ಮೊದಲ ಬರದದ್ದು."

ಅಂಗಳದಲ್ಲಿ ಗುಜುಗುಜು ಎದ್ದು ಅಡಗಿತು.

"ನನಗ ಮೊದಲು ಸಂಶಯ ಬಂದದ್ದು ಕಿವಿಯಿಂದ," ಎಂದರು ಸಾಹೇಬರು. "ಓಬಳೆಪ್ಪ ಕತಿ ಬರದ್ರ ಪುಸ್ತಕದ ಮಾತಿನ್ಯಾಗ ಬರೀತಿದ್ದ. ಗೆಳೆಯಗ, ಹೆಂಡತಿಗೆ ಬರದ್ರ ಮನಿ ಮಾತಿನ್ಯಾಗ ಬರೀತಿದ್ದ. ಈ ಚೀಟಿ ಪುಸ್ತಕದ ಮಾತು. ಜೀವಾ ಬಿಡಾಂವ ಕಡೀ ಮಾತನ್ನ ಹೆಂಡತಿಗೆ ತಿಳೀಲಾರದ ಭಾಷಾದಾಗ ಹೇಳೂದಿಲ್ಲ. ಎರಡನೇದು, ಈ ಹಾಳಿ. ಅಲ್ಲೇ ಕುಂತು ಬರದು ಚಪ್ಪಲಿ ಕೆಳಗ ಇಟ್ಟಿದ್ರ ಇಷ್ಟು ಸವದ ಮಡಿಕಿ ಯಾಕ ಇರಬೇಕು? ಇದು ಲಕೋಟಿ ಒಳಗ ಹೋಗಿ ಬಂದ ಹಾಳಿ. ಮೂರನೇದು, ಮಾಸ್ತರು ಕತಿ ಓದೂಮುಂದ ನಡುವ ಒಂದು ಹಾಳಿ ಹಾರಿತ್ತು. ಅಂದ್ರ ಈ ಚೀಟಿ ತಾವರಗೇರಾದಾಗ ಹುಟ್ಟಿದ್ರೂ ಬಂದದ್ದು ಗಂಗಾವತಿಯಿಂದ. ಹನಮಪ್ಪನ ಮ್ಯಾಲ ಮೊದಲು ನನ್ನ ಕಣ್ಣಿತ್ತು. ಓದಾಕ ಬರಲಾರದಾಂವ ಇಷ್ಟು ಹಾಳ್ಯಾಗ ಇದ ಒಂದನ್ನ ಹೆಂಗ ಆರಸ್ತಾನ?"

ಅವರು ಕಂಬದ ಕಡೆ ತಿರುಗಿದರು. "ತಂಗಿ, ನಿನ್ನ ಗಂಡ ನಿನಗ ದೀಪಾ ಆರಿಸು ಅಂತ ಹೇಳಿಲ್ಲ. ಇವತ್ತ ಮನಿಗೆ ಹೋಗಿ ಹಚ್ಚು."

ದುರುಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಿಂತಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ತಲೆ ತಗ್ಗಿಸಿದರು.

"ಹೊಳಿಯಪ್ಪ, ಕಟ್ಟು ಮನಿ ಬಿಟ್ಟು ಹೋಗಿಲ್ಲ ಅಂದ್ರಿ. ಮನ್ಯಾಗಿನ ಮಂದಿ ಅಂದ್ರ ಯಾರು?"

ಹೊಳಿಯಪ್ಪ ಮೆಲ್ಲಗೆ ಗ್ಯಾನಪ್ಪನ ಕಡೆ ನೋಡಿದ. "ಆ ಸಂತಿ ಹಿಂದಿನ ದಿನ ಇವ, ಮಂಗಳಕ್ಕ ಹೋದಾವ ಮುಂದ ಏನಾದ ಅಂತ ಕೇಳಿದ. ಕತಿ ಓದ್ತಾನ ಅಂತ ಕಟ್ಟು ಸಮೇತ ಕೊಟ್ಟೆ. ನಮ್ಮವನ ಅಲ್ಲ ಅಂತ..." ಎಂದು ತಡವರಿಸಿದ. "ಕಡೀ ಪತ್ರನೂ ಅದರಾಗ ಇತ್ತು."

"ಆ ಕಡೀ ಪತ್ರದಾಗ ಓಬಳೆಪ್ಪ ಕೊಪ್ಪಳಕ್ಕ ಹೋಗೂ ಮಾತು ಬರದಿದ್ದ. ಹೆಂಡತಿಗೂ ತಿಳಿಸಿರಲಿಲ್ಲ. ನೀವರ ಯಾರಿಗಾದ್ರೂ ಹೇಳಿದ್ರೇನು?"

"ಇಲ್ರಿ. ನಿಮ್ಮ ಮನಿಗೆ ಬರೂಮಟ ಯಾರಿಗೂ ಹೇಳಿಲ್ಲ."

"ಗ್ಯಾನಪ್ಪನವರು ಪತ್ರನ ಓದಿಲ್ಲ ಅಂದ್ರು. ಆದ್ರ ಅವ ಸಂತಿ ಮುಗಿಸಿ ಕೊಪ್ಪಳಕ್ಕ ಹೋಗಾಂವ ಇದ್ದ ಅಂತ ನಮಗ ತಾವ ಹೇಳಿದ್ರು. ದೀಪಾ ಹಚ್ಚೂಮಟ ಜಾಗಾ ಬಿಟ್ಟು ಎದ್ದಿಲ್ಲ ಅಂದ್ರು. ಚಾಂದಬೀ, ಅವರ ಗಂಟು ಯಾರ ಕಡೆ ಇತ್ತು?"

"ನನ್ನ ಕಡೇನ ಇತ್ರಿ," ಎಂದಳು ಚಾಂದಬೀ.

"ಗುಳಿಗಿ ಯಾರ ಕಡೆ ತಗೊಂಡೆ ಅಂತ ಬರದ್ರ ನಿನಗ ನೋವಾಗ್ತೈತಿ ಅಂತ ಓಬಳೆಪ್ಪ ಬರದಿದ್ದ. ಗೆಳೆಯನ ಮನಿ ಮನಶ್ಯಾ ಅಂತ ಹೆಸರು ತಡದ. ಡಾಕ್ಟರು ನೋಡಿ ಹೇಳ್ಯಾರ. ಸೀಮೆಸುಣ್ಣದ ಪುಡಿ, ಬೇವಿನ ಕಹಿ. ಕ್ವಿನೈನ್ ಒಂದು ಕಣಾ ಇಲ್ಲ."

ಗ್ಯಾನಪ್ಪ ಅಲ್ಲಿಯವರೆಗೆ ಕೈಕಟ್ಟಿ ನಿಂತಿದ್ದ. ಈಗ ಚಾವಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತ.

"ಮೊದಲು ಖರೇ ಔಷಧಾನ ಕೊಡ್ತಿದ್ದೆ," ಎಂದ. ಅವನ ದನಿ ಎಂದಿನಂತೆ ಮೆಲುವಾಗಿಯೇ ಇತ್ತು. "ಮಾಲು ಬರೂದು ನಿಂತಿತು. ಮಂದಿ ಬರೂದು ನಿಲ್ಲಲಿಲ್ಲ. ಇಲ್ಲ ಅಂದ್ರ ಅಂಗಡಿ ಮುಂದ ಕುಂತು ಅಳ್ತಿದ್ರು. ಕಹಿ ಗುಳಿಗಿ ಕೊಟ್ರ ಸಮಾಧಾನ ಆಗಿ ಹೋಗ್ತಿದ್ರು. ಕೆಲವರಿಗೆ ಜ್ವರಾನೂ ಬಿಡ್ತಿತ್ತು. ಬರಬರ್ತಾ ಅದ ರೂಢಿ ಆತು. ಆ ಪತ್ರಾ ಓದಿ ಅಂಜಿದೆ. ಅವನ ಕಾಲು ಹಿಡೀಬೇಕಂತ ಗುಡ್ಡಾ ಹತ್ತಿದೆ. ನನ್ನ ಕೂಸಿನ ಜೀವಾ ಕೊಡು, ಬಿಡ್ತೀನಿ ಅಂದ. ಕೈ ಝಾಡಿಸಿಕೊಂಡ. ಹೆಂಗ ದಬ್ಬಿದೆ ಅಂತ ನನಗ ತಿಳೀಲಿಲ್ಲ."

ಸಾಹೇಬರು ಅವನ ಮುಂದೆ ಬಂದು ನಿಂತರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅಷ್ಟು ದಣಿದ ಮುಖವನ್ನು ನಾನು ಅವರಲ್ಲಿ ಎಂದೂ ಕಂಡಿರಲಿಲ್ಲ.

"ಕಾಲು ಹಿಡಿಯಾಕ ಹೋದಾಂವ, ಗ್ಯಾನಪ್ಪ, ಕಿಸೆದಾಗ ಆ ಹಾಳಿ ಯಾಕ ಇಟ್ಟುಕೊಂಡು ಹೋಗಿದ್ದಿ?"

ಗ್ಯಾನಪ್ಪನ ಕೈ ಅಂಗಿಯ ಕಿಸೆಯ ಮೇಲೆ ಹೋಯಿತು. ಜವಾನರು ಅವನನ್ನು ಎಬ್ಬಿಸಿ ಕೈಗೆ ಬೇಡಿ ಹಾಕಿದರು. ಹೊಳಿಯಪ್ಪ ಚೀಟಿಯನ್ನು ಹಿಡಿದುಕೊಂಡೇ ನಿಂತಿದ್ದ. "ನಾನ ಕೊಟ್ಟೆ. ನನ್ನ ಗೆಳೆಯ ಎಷ್ಟು ಛಲೋ ಬರೀತಾನ ನೋಡು ಅಂತ ನಾನ ಕೊಟ್ಟೆ," ಎಂದು ಯಾರಿಗೆಂದಿಲ್ಲದೆ ಹೇಳಿದ. ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು.

ಆಗ ಅಂಗಳದ ಹಿಂದಿನಿಂದ ಹುಲಿಗವ್ವ ಎಂಬ ಹೆಂಗಸು ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅವಳ ತೋಳಿನಲ್ಲಿ ಕಂಬಳಿ ಸುತ್ತಿದ ಹುಡುಗಿಯಿದ್ದಳು. "ನನ್ನ ಮಗಳಿಗೂ ಅದ ಗುಳಿಗಿ ಹಾಕಾಕತ್ತೀನ್ರಿ," ಎಂದಳು. "ಇನ್ನ ಏನ ಕೊಡ್ಲಿ?"

ಸಾಹೇಬರು ಅಮೀನರ ಕಡೆ ನೋಡಿದರು. ಲಾರಿ ಕುಷ್ಟಗಿಗೆ ಹೋಗಬೇಕಾಗಿತ್ತು; ಅಮೀನರು ಒಂದು ಗಳಿಗೆ ಯೋಚಿಸಿ, "ಕೊಪ್ಪಳಕ್ಕ ಹೊಡಿ," ಎಂದು ಡ್ರೈವರನಿಗೆ ಹೇಳಿದರು. ಮನೆಯಲ್ಲಿ ಹಸುಗೂಸಿದ್ದುದರಿಂದ ಹುಲಿಗವ್ವ ಹೊರಡುವಂತಿರಲಿಲ್ಲ. ಯಾರು ಜೊತೆಗೆ ಹೋಗಬೇಕೆಂದು ಜನ ಮುಖ ಮುಖ ನೋಡಿಕೊಳ್ಳುತ್ತಿರುವಾಗ ದುರುಗವ್ವ ಎದ್ದು ಬಂದು ಹುಡುಗಿಯನ್ನು ಎತ್ತಿಕೊಂಡಳು. ಯಾರನ್ನೂ ಕೇಳಲಿಲ್ಲ.

ಲಾರಿಯಲ್ಲಿ ಬೇರೆ ಜಾಗವಿರಲಿಲ್ಲ. ಒಂದು ಬದಿಗೆ ಇಬ್ಬರು ಜವಾನರ ನಡುವೆ ಗ್ಯಾನಪ್ಪ, ಎದುರಿಗೆ ಹುಡುಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡ ದುರುಗವ್ವ, ಅವಳ ಪಕ್ಕ ಸಾಹೇಬರು ಮತ್ತು ನಾನು. ಹೊಳಿಯಪ್ಪ ಬರಲಿಲ್ಲ. ಊರಲ್ಲಿ ಯಾರ ಯಾರ ಮನೆಯಲ್ಲಿ ಆ ಗುಳಿಗೆಗಳಿವೆಯೋ ಅವನ್ನೆಲ್ಲ ಕೇಳಿ ತರುತ್ತೇನೆಂದು ಹನಮಪ್ಪನನ್ನು ಕರೆದುಕೊಂಡು ಓಣಿಯೊಳಗೆ ಹೋದ.

ದಾರಿಯಲ್ಲಿ ಇರಕಲ್ಲಗಡ ಊರು ದಾಟುವಾಗ ಹುಡುಗಿ ಗಡಗಡ ನಡುಗಿದಳು, ಆಮೇಲೆ ಮೈ ಕೆಂಡವಾಯಿತು. ದುರುಗವ್ವ ದಿಕ್ಕು ತೋಚದೆ ಅವಳನ್ನು ಎದೆಗೆ ಅವುಚಿಕೊಂಡಳು.

"ಕಂಬಳಿ ತಗೀರಿ," ಎಂದ ಗ್ಯಾನಪ್ಪ. ಅವನು ನೆಲವನ್ನೇ ನೋಡುತ್ತಿದ್ದ. "ಒದ್ದಿ ಬಟ್ಟಿ ಹಣಿಗೆ ಹಾಕ್ರಿ. ನೀರು ಗುಟುಕು ಗುಟುಕು ಕುಡಸ್ರಿ."

ದುರುಗವ್ವ ಅವನನ್ನು ದಿಟ್ಟಿಸಿ ನೋಡಿದಳು. ಗಂಡನನ್ನು, ಮಗಳನ್ನು ಕಳೆದುಕೊಂಡವಳ ಬಾಯಿಂದ ಏನು ಹೊರಡುವುದೋ ಎಂದು ನಾನು ಕಾದೆ. ಅವಳು ಸೆರಗಿನ ತುದಿ ಹರಿದು, ಸಾಹೇಬರ ತಂಬಿಗೆಯ ನೀರಿನಲ್ಲಿ ಅದ್ದಿ, ಹುಡುಗಿಯ ಹಣೆಯ ಮೇಲೆ ಹಾಕಿದಳು.

ಕೊಪ್ಪಳದ ಡಾಕ್ಟರರ ಬಳಿ ಒಂದಿಷ್ಟು ನಿಜವಾದ ಕ್ವಿನೈನ್ ಉಳಿದಿತ್ತು. ಅವರು ಅದನ್ನು ಲೆಕ್ಕ ಹಾಕದೆ ಕೊಟ್ಟರು. ಹುಡುಗಿಗೆ ಜ್ವರ ಬಿಡುವವರೆಗೂ ದುರುಗವ್ವ ಅವಳ ಮಂಚದ ಪಕ್ಕದ ನೆಲ ಬಿಟ್ಟು ಏಳಲಿಲ್ಲ. ಹುಡುಗಿ ಎದ್ದು ಕುಳಿತು ಹಸಿವೆ ಎಂದ ದಿನ, ದುರುಗವ್ವ ನಮ್ಮ ಮನೆಗೆ ಬಂದು ಒಲೆಯ ಮುಂದೆ ಕುಳಿತು, ಅವಳಿಗೆ ರೊಟ್ಟಿ ಸುಡಲು ಒಂದು ಹಿಡಿ ಜೋಳದ ಹಿಟ್ಟು ಕೇಳಿದಳು.